ಕ್ಷುದ್ರಗ್ರಹಕ್ಕೊಂದು ಮೋಕ್ಷಕಾಲ

ನಾನೇನು ಕೆಲಸ ಮಾಡುತ್ತೇನೆ ಅಂತ ಯಾರಾದರೂ ಕೇಳಿದರೆ ಪತ್ರಕರ್ತೆ ಅನ್ನುತ್ತೇನೆ. ಹನ್ನೊಂದು ವರ್ಷದ ಅಭ್ಯಾಸ, ನಾಲಿಗೆ ತಡವರಿಸುವುದಿಲ್ಲ. ನಿಜ ಬೇರೆ. ಪುಣೆಯ ಯೆರವಡಾದ ಐಟಿ ಪಾರ್ಕೊಂದರ ಐದನೇ ಮಹಡಿಯಲ್ಲಿ ಆರು ಭಾಷೆಗಳಲ್ಲಿ ಸುದ್ದಿ ಹಾಕುವ ವೆಬ್‌ಸೈಟೊಂದಿದೆ. ಅಲ್ಲಿ ಕೂತು ಕನ್ನಡದಲ್ಲಿ ಜನರನ್ನು ಹೆದರಿಸುವುದು ನನ್ನ ಕೆಲಸ. ಹೆದರಿದವರು ಬೆರಳು ಒತ್ತುತ್ತಾರೆ, ಒತ್ತಿದರೆ ಜಾಹೀರಾತು ಕಾಣುತ್ತದೆ, ನಮ್ಮ ಹೊಟ್ಟೆ ತುಂಬುತ್ತದೆ.

ಕನ್ನಡ ವಿಭಾಗವೆಂದರೆ ಇಬ್ಬರು. ಬೆಂಗಳೂರಿನಿಂದ ಬಂದ ವಿನೀತ, ಮತ್ತು ನಾನು, ಸುರಭಿ. ನಾನು ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲಿ. ಅಪ್ಪ ಧಾರವಾಡದವರು, ಹೊರಗೆ ಎಷ್ಟು ಬೇಕಾದರೂ ಮರಾಠಿ ಆಡು, ಹೊಸ್ತಿಲ ಒಳಗೆ ಕಾಲಿಟ್ಟರೆ ಕನ್ನಡ ಅನ್ನುತ್ತಿದ್ದರು. ಅವರು ಅಷ್ಟು ಹಟ ಹಿಡಿದು ಕಲಿಸಿದ ಕನ್ನಡವನ್ನು ನಾನು ಹೀಗೆ ಬಳಸುತ್ತಿದ್ದೇನೆ. ವಿಡಿಯೋಗಳಿಗೆ ದನಿಯೂ ನನ್ನದೇ. ಹೊರಗಿನವರನ್ನು ಕರೆಸುವುದು ದಂಡ ಅಂತ ನಮ್ಮ ಮುಖ್ಯಸ್ಥ ಮಂದಾರನ ಲೆಕ್ಕಾಚಾರ.

ಬಾಹ್ಯಾಕಾಶದ ಕಲ್ಲುಗಳು ನಮ್ಮಂಥವರಿಗೆ ಕಾಮಧೇನು. ತಿಂಗಳಿಗೆ ಎರಡು ಮೂರಾದರೂ ಭೂಮಿಯ ‘ಸಮೀಪ’ ಹಾದುಹೋಗುತ್ತವೆ. ಸಮೀಪ ಅಂದರೆ ಚಂದ್ರನಿಗಿಂತ ಎಷ್ಟೋ ಪಟ್ಟು ದೂರ. ಅದನ್ನು ಬರೆಯುವುದಕ್ಕೂ ಒಂದು ಪದ್ಧತಿ ಇದೆ. ವೇಗ ಮೊದಲ ಸಾಲಿನಲ್ಲಿ ಬರಬೇಕು, ದೂರ ಕೊನೆಯ ಸಾಲಿನಲ್ಲಿ, ಅಲ್ಲಿಯ ತನಕ ಯಾರೂ ಓದುವುದಿಲ್ಲ. ಗಾತ್ರವನ್ನು ಮೀಟರಿನಲ್ಲಿ ಹೇಳಬಾರದು. ವಿಮಾನದಷ್ಟು, ಹತ್ತು ಆನೆಗಳಷ್ಟು ಅನ್ನಬೇಕು. ತಲೆಬರಹದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇರಲೇಬೇಕು. ‘ಭೂಮಿಗೆ ಕಾದಿದೆಯೇ ಗಂಡಾಂತರ?’ ಅಂದರೆ ನಾವು ಸುಳ್ಳು ಹೇಳಿದ ಹಾಗಾಗುವುದಿಲ್ಲ, ಬರೀ ಕೇಳಿದ ಹಾಗಾಗುತ್ತದೆ. ಈ ಕಳ್ಳ ಚಿಹ್ನೆಯ ಹಿಂದೆ ಅಡಗಿಕೊಂಡು ನಾನು ಹನ್ನೊಂದು ವರ್ಷ ಸಂಬಳ ತಗೊಂಡಿದ್ದೇನೆ.

ಆ ಮಹಡಿಯಲ್ಲಿ ನಮ್ಮ ಕಡೆಯ ಕನ್ನಡ ಆಡುವವಳು ನನ್ನನ್ನು ಬಿಟ್ಟರೆ ಪಾರವ್ವ ಒಬ್ಬಳೇ. ಚಹಾ ಮಾಡುವುದು, ಕಪ್ಪು ತೊಳೆಯುವುದು, ಮೇಜು ಒರೆಸುವುದು ಅವಳ ಕೆಲಸ. ವಿಜಾಪುರದ ಇಂಡಿ ಕಡೆಯವಳು, ಗಂಡ ತೀರಿಕೊಂಡ ಮೇಲೆ ಯೆರವಡಾದ ಒಂದು ಗಲ್ಲಿಯಲ್ಲಿ ತಗಡಿನ ಮನೆ ಮಾಡಿಕೊಂಡು ಮಗನನ್ನು ಬೆಳೆಸಿದವಳು. ಮಗ ಶಿವಪ್ರಕಾಶ ಭೋಸರಿಯ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಾನೆ. ಸೊಸೆ ಸಪ್ನಾಗೆ ಎಂಟು ತಿಂಗಳು ತುಂಬಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಈಗ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಪಾರವ್ವನಿಗೆ ಓದಲು ಬರುವುದಿಲ್ಲ. ಅವಳದು ಬರೀ ಮಾತಾಡುವ ಸಾದಾ ಫೋನು, ನನ್ನ ದನಿ ಕೇಳುವುದು ಮಗನ ಫೋನಿನಲ್ಲಿ. ಒಂದು ದಿನ ಶುಂಠಿ ಹಾಕಿದ ಚಹಾ ತಂದಿಟ್ಟು ಹೇಳಿದಳು. “ಅಕ್ಕಾರ, ನಿಮ್ಮ ದನಿ ಬಂತಂದ್ರ ನಮ್ಮ ಮನ್ಯಾಗ ಎಲ್ಲಾರೂ ಸುಮ್ಮನ ಕೂಡ್ತೀವ್ರಿ. ಓಣ್ಯಾಗ ಎಲ್ಲಾರಿಗೂ ಹೇಳೀನಿ, ಇಕಿ ನಮ್ಮ ಆಫೀಸಿನಾಕಿ, ನನ್ನ ಕೈಯಾನ ಚಾ ಕುಡಿತಾಳ ಅಂತ.”

ನನಗೆ ಖುಷಿಯಾಗಿತ್ತು. ನನ್ನ ಕೆಲಸದ ಬಗ್ಗೆ ಹೆಮ್ಮೆ ಪಟ್ಟವರು ಈ ಊರಿನಲ್ಲಿ ಮತ್ತೊಬ್ಬರಿಲ್ಲ.

ಏಪ್ರಿಲ್ ತಿಂಗಳು. ಪುಣೆಯ ಬಿಸಿಲು ತಲೆ ಕಾಯಿಸುತ್ತಿತ್ತು. ಮಂಗಳವಾರದ ಸಭೆಯಲ್ಲಿ ಮಂದಾರ ಕನ್ನಡದಲ್ಲಿ ನೋಡುವವರ ಅಂಕಿ ಬಿದ್ದುಹೋಗಿದೆ ಅಂತ ಗೋಡೆಯ ಪರದೆಯ ಮೇಲೆ ಗೆರೆ ತೋರಿಸಿದ. ಶುಕ್ರವಾರ ಒಂದು ಕಲ್ಲು ಹಾದುಹೋಗಲಿತ್ತು. ನಲವತ್ತು ಮೀಟರ್ ಉದ್ದ, ಚಂದ್ರನಿಗಿಂತ ಏಳು ಪಟ್ಟು ದೂರ. ಅತಿ ಸಮೀಪ ಬರುವ ಹೊತ್ತು ಮಧ್ಯಾಹ್ನ ಹನ್ನೆರಡು ಐವತ್ತು. ಅದರ ಬಗ್ಗೆ ಗೊತ್ತಿದ್ದದ್ದು ಇಷ್ಟೇ, ಹೇಳಬೇಕಾದದ್ದೂ ಇಷ್ಟೇ.

“ಸುರಭಿ, ನಿಮ್ಮ ಜನ ಕಲ್ಲು ನೋಡೋದಿಲ್ಲ, ಗ್ರಹಣ ನೋಡ್ತಾರೆ,” ಅಂದ ಮಂದಾರ ಮರಾಠಿಯಲ್ಲಿ. “ಹೋದ ಸಲ ಗ್ರಹಣದ ವಿಡಿಯೋ ಒಂಬತ್ತು ಲಕ್ಷ ಹೋಯಿತು. ಕಲ್ಲಿನ ವಿಡಿಯೋ ನಲವತ್ತು ಸಾವಿರ ದಾಟೋದಿಲ್ಲ. ಈ ಕಲ್ಲನ್ನ ಗ್ರಹಣ ಮಾಡು.”

“ಗ್ರಹಣಕ್ಕೆ ನೆರಳಾದರೂ ಇರುತ್ತದೆ. ಇದು ಬರಿಗಣ್ಣಿಗೆ ಕಾಣೋದೂ ಇಲ್ಲ,” ಅಂದೆ.

“ಕಾಣದೇ ಇದ್ದರೆ ಇನ್ನೂ ಒಳ್ಳೇದು. ಕಾಣಲಿಲ್ಲ ಅಂತ ಯಾರೂ ಜಗಳಕ್ಕೆ ಬರೋದಿಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊರಗೆ ಬಂದ ಮೇಲೆ ವಿನೀತನ ಹತ್ತಿರ ಸ್ವಲ್ಪ ಗೊಣಗಿದೆ. “ಅಯ್ಯೋ ಬಿಡಿ ಮೇಡಂ, ಇದನ್ನೆಲ್ಲಾ ಯಾರು ಸೀರಿಯಸ್ಸಾಗಿ ತಗೋತಾರೆ, ಟೈಂಪಾಸ್‌ಗೆ ನೋಡ್ತಾರೆ ಅಷ್ಟೆ,” ಅಂದ. ನನಗೆ ಬೇಕಾಗಿದ್ದ ಮಾತನ್ನೇ ಹೇಳಿದ.

ಬುಧವಾರ ಗ್ರಹಣದ ಹಳೆಯ ಫೈಲು ತೆಗೆದೆ. ಅದರಲ್ಲಿ ಎಲ್ಲ ಸಿದ್ಧವಿತ್ತು: ಸ್ಪರ್ಶಕಾಲ, ಮಧ್ಯಕಾಲ, ಮೋಕ್ಷಕಾಲ, ಯಾವ ರಾಶಿಗೆ ಏನು ಫಲ, ಗರ್ಭಿಣಿಯರು ಏನು ಮಾಡಬಾರದು, ಅವರ ಮೈಮೇಲೆ ಕಬ್ಬಿಣ ಯಾಕೆ ಇರಬಾರದು. ‘ಗ್ರಹಣ’ ಅಂತ ಇದ್ದಲ್ಲೆಲ್ಲ ‘ಕ್ಷುದ್ರಗ್ರಹ ಸಂಚಾರ’ ಅಂತ ಬದಲಿಸಿದೆ. ಕಾಲ ಹಾಕುವುದು ಮಾತ್ರ ಉಳಿಯಿತು. ಹಾದುಹೋಗುವ ಕಲ್ಲಿಗೆ ಎಲ್ಲಿಯ ಸ್ಪರ್ಶ, ಎಲ್ಲಿಯ ಮೋಕ್ಷ? ಮೊದಲು ಹನ್ನೆರಡು ಐವತ್ತರ ಹಿಂದೆ ಮುಂದೆ ಒಂದೊಂದು ತಾಸು ಅಂತ ಹಾಕಿದ್ದೆ. ಮಂದಾರ ಹೆಗಲ ಮೇಲಿಂದ ಬಗ್ಗಿ ನೋಡಿ, ಲೈವ್ ಪುಟ ಇಡೀ ದಿನ ಓಡಬೇಕು, ಎಳೆ ಅಂದ. ಎಳೆದೆ. ಬೆಳಗ್ಗೆ ಏಳಕ್ಕೆ ಸ್ಪರ್ಶ, ಸಂಜೆ ಆರು ನಲವತ್ತಕ್ಕೆ ಮೋಕ್ಷ. ಹಿಂದಕ್ಕೂ ಮುಂದಕ್ಕೂ ಸರಿಯಾಗಿ ಐದು ಗಂಟೆ ಐವತ್ತು ನಿಮಿಷ ಬರುವಂತೆ ಕೂಡಿ ಕಳೆದು ಹಾಕಿದೆ, ಲೆಕ್ಕ ತಪ್ಪಬಾರದಲ್ಲ.

ಮೇಲೆ ‘ನಂಬಿಕೆಯ ಪ್ರಕಾರ’ ಅಂತ ಒಂದು ಮಾತು ಅಂಟಿಸಿದೆ. ಯಾರ ನಂಬಿಕೆ? ಮಂಗಳವಾರದ ತನಕ ಅಂಥ ನಂಬಿಕೆ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಬುಧವಾರ ಮಧ್ಯಾಹ್ನದ ಊಟಕ್ಕೆ ಮೊದಲು ನಾನು ಹುಟ್ಟಿಸಿದೆ. ಊಟ ಮಾಡಿ ಬಂದು ಮೈಕಿನ ಮುಂದೆ ಕೂತು, ಅಪ್ಪ ಕಲಿಸಿದ ಸ್ಪಷ್ಟ ಉಚ್ಚಾರದಲ್ಲಿ ಓದಿದೆ. “ಈ ಹನ್ನೊಂದು ಗಂಟೆ ನಲವತ್ತು ನಿಮಿಷ ಗರ್ಭಿಣಿಯರು ಯಾವುದೇ ಕಾರಣಕ್ಕೂ ಮನೆಯಿಂದ ಹೊರಗೆ ಕಾಲಿಡಬಾರದು.” ‘ಯಾವುದೇ ಕಾರಣಕ್ಕೂ’ ಅನ್ನುವುದು ಫೈಲಿನಲ್ಲಿ ಇರಲಿಲ್ಲ. ಓದುವಾಗ ತೂಕ ಬರಲಿ ಅಂತ ನಾನೇ ಸೇರಿಸಿದ್ದು.

ಗುರುವಾರ ಸಂಜೆಗೆ ಆರು ಲಕ್ಷ ಜನ ನೋಡಿದ್ದರು. ಪಾರವ್ವ ನನ್ನ ಮೇಜಿನ ಹತ್ತಿರ ಬಂದು ಸೆರಗಿಗೆ ಕೈ ಒರೆಸುತ್ತ ನಿಂತಳು.

“ನಾಳೆ ಬರಂಗಿಲ್ರಿ ಅಕ್ಕಾರ. ಮನ್ಯಾಗ ಬಸರ ಹೆಣ್ಮಗಳು ಅದಾಳ. ನೀವು ಹೇಳಿದ್ದೆಲ್ಲಾ ಸಪ್ನಾಗ ಎರಡ ಸಲ ಕೇಳಸೀನಿ. ಕಿಡಕಿಗೆ ಕೌದಿ ಕಟ್ಟಬೇಕು, ನೀರು ಇವತ್ತ ತುಂಬಿಡಬೇಕು.”

ಆ ಕ್ಷಣ ಹೇಳಬಹುದಿತ್ತು. ಒಂದೇ ಮಾತು, ಹಂಗೇನೂ ಇಲ್ಲ ಪಾರವ್ವಾ, ಸುಮ್ಮನ ಬರ್ರಿ ಅಂತ. ಬಾಯಿಗೆ ಬಂದಿತ್ತು ಕೂಡ. ಆದರೆ ಎದುರಿನ ಮೇಜಿನಲ್ಲಿ ಮಂದಾರ ಕೂತಿದ್ದ. ಅದಕ್ಕಿಂತ ಹೆಚ್ಚಾಗಿ, ಅವಳು ನನ್ನನ್ನು ನೋಡುತ್ತಿದ್ದ ಆ ನೋಟ ನನಗೆ ಬೇಕಾಗಿತ್ತು. ಅದನ್ನು ನಾನೇ ಕೈಯಾರೆ ಒಡೆಯಲೇ? ವರ್ಷವಿಡೀ ಕಪ್ಪು ತೊಳೆಯುತ್ತಾಳೆ, ಇದರ ನೆಪದಲ್ಲಿ ಒಂದು ದಿನ ಮನೆಯಲ್ಲಿ ಕೂತು ದಣಿವಾರಿಸಿಕೊಳ್ಳಲಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಷ್ಟು ಉದಾರ ಮನಸ್ಸು ನನ್ನದು, ನೆನೆಸಿಕೊಂಡರೆ ಮೈ ಉರಿಯುತ್ತದೆ.

“ಆಗಲಿ ಪಾರವ್ವಾ. ಸೋಮವಾರ ಬರ್ರಿ,” ಅಂದೆ.

ಶುಕ್ರವಾರ ಬೆಳಗ್ಗೆ ಏಳರಿಂದ ಲೈವ್ ಪುಟ ಶುರುವಾಯಿತು. ಹತ್ತು ಹತ್ತು ನಿಮಿಷಕ್ಕೆ ಏನಾದರೂ ಹಾಕುತ್ತಿರಬೇಕು. ಆಕಾಶದಲ್ಲಿ ಏನೂ ಆಗುತ್ತಿರಲಿಲ್ಲ, ಆದ್ದರಿಂದ ಎಲ್ಲವನ್ನೂ ನಾನೇ ಮಾಡಬೇಕಾಗಿತ್ತು. ‘ಭೂಮಿಯತ್ತ ಧಾವಿಸುತ್ತಿರುವ ದೈತ್ಯ.’ ‘ವಿಜ್ಞಾನಿಗಳ ಮೌನಕ್ಕೇನು ಕಾರಣ?’ ವಿಜ್ಞಾನಿಗಳು ಪಾಪ ತಮ್ಮ ಪಾಡಿಗೆ ಬೇರೆ ಕೆಲಸ ಮಾಡಿಕೊಂಡಿದ್ದರು. ಹನ್ನೆರಡು ಐವತ್ತಕ್ಕೆ ಅದು ಬಂದಷ್ಟು ಸಮೀಪ ಬಂದು, ಯಾರ ಗೊಡವೆಯೂ ಇಲ್ಲದೆ ತನ್ನ ದಾರಿ ಹಿಡಿಯಿತು.

ಒಂದು ಹತ್ತಕ್ಕೆ ನನ್ನ ಫೋನು ಅಲುಗಾಡಿತು. ಪಾರವ್ವ. ಒಂದು ಕೈಯಲ್ಲಿ ಟೈಪು ಮಾಡುತ್ತಲೇ ಎತ್ತಿದೆ.

“ಅಕ್ಕಾರ, ಮೋಕ್ಷ ಎಷ್ಟಕ್ಕ ಅಂದಿದ್ರಿ?”

“ಆರು ನಲವತ್ತಕ್ಕ.”

“ನಡಬರಕ ಸ್ವಲ್ಪ ಹೊತ್ತು ಬಿಡುವು ಅಂತ ಇರತದ ಏನ್ರಿ? ಹೊರಗ ಹೋಗಿ ಬರೋ ಅಷ್ಟು?”

ಮಂದಾರ ದೂರದಿಂದ ಕೈ ಮಾಡಿ ಕರೆಯುತ್ತಿದ್ದ. ಪುಟದ ಮೇಲೆ ಎಂಬತ್ತು ಸಾವಿರ ಜನ ಇದ್ದರು. ನೀರಿಗೋ ಕಿರಾಣಿಗೋ ಹೋಗಬೇಕಾಗಿರಬಹುದು ಅಂದುಕೊಂಡೆ. ಅಂದುಕೊಂಡೆ ಅನ್ನುವುದೂ ಸುಳ್ಳು, ನಾನು ಏನನ್ನೂ ಅಂದುಕೊಳ್ಳಲಿಲ್ಲ.

“ಇಲ್ಲ ಪಾರವ್ವಾ, ಆರು ನಲವತ್ತರ ತನಕ ಅದ. ಆಮ್ಯಾಲ ಹೋಗ್ರಿ,” ಅಂದು ಇಟ್ಟೆ.

ಯಾಕೆ ಅಂತ ಕೇಳಲಿಲ್ಲ. ಎರಡಕ್ಷರ. ಕೇಳಲಿಲ್ಲ.

ಆರು ನಲವತ್ತಕ್ಕೆ ಕೊನೆಯ ತಲೆಬರಹ ಹಾಕಿದೆ: ‘ಕೂದಲೆಳೆಯಲ್ಲಿ ಪಾರಾದ ಭೂಮಿ.’ ಹನ್ನೊಂದು ಲಕ್ಷ ದಾಟಿತ್ತು. ಮಂದಾರ ಎಲ್ಲರಿಗೂ ವಡಾಪಾವ್ ತರಿಸಿದ. ಬಿಸಿಯಾಗಿತ್ತು, ಎರಡು ತಿಂದೆ.

ಸೋಮವಾರ ಪಾರವ್ವ ಬರಲಿಲ್ಲ. ಬೇರೆ ಯಾರೋ ನೀರು ನೀರಾದ ಚಹಾ ತಂದಿಟ್ಟರು. ಪಾರವ್ವ ಎಲ್ಲಿ ಅಂತ ಮೇಲ್ವಿಚಾರಕ ಏಕನಾಥನನ್ನು ಕೇಳಿದೆ. “ಅವಳ ಸೊಸೆಯ ಮಗು ಹೋಯಿತಂತೆ ಮೇಡಂ, ಶುಕ್ರವಾರ, ಹೊಟ್ಟೆಯಲ್ಲೇ,” ಅಂದ. ಶುಕ್ರವಾರ ಎಷ್ಟು ಹೊತ್ತಿಗೆ ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಫೋನು ತೆಗೆದು ಬಂದ ಕರೆಗಳನ್ನು ನೋಡಿದೆ: ಪಾರವ್ವ, ಶುಕ್ರವಾರ, ಒಂದು ಹತ್ತು, ನಲವತ್ತೆಂಟು ಸೆಕೆಂಡು.

ಆವತ್ತೇ ಸಂಜೆ ಅವಳ ಮನೆ ಹುಡುಕಿಕೊಂಡು ಹೋದೆ. ನಮ್ಮ ಆಫೀಸಿನ ಗಾಜಿನ ಗೋಡೆಯಿಂದ ಆ ಗಲ್ಲಿ ಕಾಣುತ್ತದೆ, ನಡೆದರೆ ಕಾಲು ಗಂಟೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ನಾನು ಕ್ಷಮೆ ಕೇಳುತ್ತೇನೆ, ಅವರು ಬಯ್ಯುತ್ತಾರೆ, ಹೊಡೆದರೂ ಹೊಡೆಯಬಹುದು, ನಾನು ಅತ್ತು ಬರುತ್ತೇನೆ. ನನ್ನ ಕಲ್ಪನೆ ಅಲ್ಲಿಗೇ ನಿಂತಿತ್ತು.

ಒಂದು ಕೋಣೆ, ಅದರ ಹಿಂದೆ ಇನ್ನೊಂದು ಸಣ್ಣ ಕೋಣೆ. ತಗಡಿನ ಕಾವು ಆ ಹೊತ್ತಿಗೂ ಇಳಿದಿರಲಿಲ್ಲ. ಶಿವಪ್ರಕಾಶ ಹೊರಗೆ ಕಟ್ಟೆಯ ಮೇಲೆ ಕೂತಿದ್ದ, ನನ್ನನ್ನು ನೋಡಿ ಎದ್ದು ನಿಂತ. ಒಳಗೆ ಗೋಡೆಗೆ ಒರಗಿ ಸಪ್ನಾ ಕೂತಿದ್ದಳು. ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬೇಕು. ರವಿಕೆಯ ಮುಂಭಾಗ ಹಾಲಿನಿಂದ ಒದ್ದೆಯಾಗಿತ್ತು. ಅದನ್ನು ಮುಚ್ಚಿಕೊಳ್ಳುವ ಎಚ್ಚರವೂ ಅವಳಿಗೆ ಇರಲಿಲ್ಲ.

ಪಾರವ್ವ ಬಯ್ಯಲಿಲ್ಲ. ನನಗೆ ಚಾಪೆ ಹಾಸಿದಳು.

“ನೀವು ಬಂದಿದ್ದು ಛಲೋ ಆತ್ರಿ ಅಕ್ಕಾರ. ನಿಮ್ಮನ್ನ ಒಂದು ಕೇಳೋದಿತ್ತು,” ಅಂದು ನೆಲದ ಮೇಲೆ ಕೂತಳು. “ಮುಂಜಾನೆ ಏಳಕ್ಕಂದ್ರ ಏಳಕ್ಕ ಇಕಿನ್ನ ಒಳಗಿನ ಕೋಣ್ಯಾಗ ಕೂಡಿಸಿದೆ. ಹನ್ನೊಂದರ ಸುಮಾರು ಹೊಟ್ಟಿ ನೋವು ಅಂದಳು. ಆಮ್ಯಾಲ ಸೀರಿಗೆ ರಕ್ತ ಕಾಣಿಸ್ತು. ನನಗೂ ಜೀವ ಹಾರಿತ್ರಿ. ಅದಕ್ಕ ನಿಮಗ ಫೋನ್ ಮಾಡಿದೆ. ನೀವು ಬಿಡುವಿಲ್ಲ ಅಂದ್ರಿ. ಇಕಿ ಕೇಳವಲ್ಲಳು, ದವಾಖಾನಿಗೆ ಒಯ್ರಿ ಅಂತ ಬಾಗಲಾ ಬಡಿತಾಳ. ನಾ ಚಿಲಕಾ ಹಾಕಿ ಬಾಗಲಿಗೆ ಬೆನ್ನು ಕೊಟ್ಟು ಕೂತೆ. ಮೂರಕ್ಕ ಇಂವ ಕೆಲಸ ಬಿಟ್ಟು ಬಂದು ಬಾಗಲಾ ತಗಿ ಅಂತ ಜಗಳಾಡಿದ. ನಿನ್ನ ಹೇಣ್ತಿ ಜೀವಾ ಬೇಕೋ ಬ್ಯಾಡೋ ಅಂದೆ, ಸುಮ್ಮನಾದ. ಆರು ನಲವತ್ತಾಗಿದ್ದ ತಡ, ರಿಕ್ಷಾದಾಗ ಹಾಕ್ಕೊಂಡು ಹೋದ್ವಿ.”

ಸಪ್ನಾ ನೆಲ ನೋಡುತ್ತಿದ್ದಳು.

“ಹೆರಿಗಿಗಿಂತ ಮೊದಲ ಮಾಸು ಒಳಗ ಬಿಟ್ಟಿತ್ತಂತ್ರಿ. ಮಧ್ಯಾಹ್ನನ ತಂದಿದ್ರ ಕೂಸು ಉಳೀತಿತ್ತು ಅಂತ ಡಾಕ್ಟರು ನಮಗ ಬೈದ್ರು. ಅವರಿಗೇನು ಗೊತ್ರಿ. ಮಧ್ಯಾಹ್ನ ಹೊರಗ ಒಯ್ದಿದ್ರ ಇಕಿನೂ ಉಳೀತಿದ್ದಿಲ್ಲ. ನಿಮ್ಮ ಮಾತು ಕೇಳಿದ್ದಕ್ಕ ತಾಯಿ ಆದ್ರೂ ಉಳದಳು.”

ನನ್ನ ಬಾಯಿಪಾಠದಲ್ಲಿ ಇದು ಇರಲಿಲ್ಲ. ಈ ಹೆಂಗಸು ನನ್ನ ಉಪಕಾರ ನೆನೆಯುತ್ತಿದ್ದಳು.

“ಎಲ್ಲಾ ನೀವು ಹೇಳಿದಂಗ ಮಾಡಿದ್ವಿ,” ಅಂದಳು ಪಾರವ್ವ, ದನಿ ತಗ್ಗಿಸಿ. “ಒಂದ ತಪ್ಪಾತು. ಕಬ್ಬಿಣ ಮೈಮ್ಯಾಲೆ ಇರಬಾರದು ಅಂದಿದ್ರಿ. ಇಕಿ ಬಳಿಯಾಗ ಪಿನ್ನ ಸಿಗಿಸಿಕೊಂಡಿದ್ದಳು, ತಗೀಲಿಲ್ಲ. ದವಾಖಾನ್ಯಾಗ ಬಳಿ ಬಿಚ್ಚಿಸುವಾಗ ನೋಡಿದೆ. ಅದರಿಂದನ ಆತಲ್ರಿ? ಇಂವ ಆವತ್ತಿಂದ ಇಕಿ ಜೋಡಿ ಮಾತಾಡಿಲ್ಲ. ನಾಳೆ ಇಕಿ ಅಪ್ಪ ಇಂಡಿಯಿಂದ ಬರ್ತಾನ, ಕರಕೊಂಡು ಹೋಗಾಕ. ಹೊಳ್ಳಿ ಕರಕೊಳ್ಳೋದೋ ಬಿಡೋದೋ ಇಂವಗ ಬಿಟ್ಟದ್ದು.”

ಶಿವಪ್ರಕಾಶ ಹೊಸ್ತಿಲ ಆಚೆ ನಿಂತಿದ್ದ. ಸಪ್ನಾ ಎಡಗೈ ಬಳೆಗಳನ್ನು ಬಲಗೈಯಿಂದ ಮುಚ್ಚಿಕೊಂಡಳು. ಅವಳೂ ನಂಬಿದ್ದಾಳೆ ಅಂತ ಆಗ ಗೊತ್ತಾಯಿತು. ಮಗುವನ್ನು ಕಳೆದುಕೊಂಡು, ಕೊಂದವಳು ತಾನೇ ಅಂತ ಮೂರು ದಿನದಿಂದ ಒಪ್ಪಿಕೊಂಡು ಕೂತಿದ್ದಾಳೆ. ನನಗೆ ತಡೆಯಲಾಗಲಿಲ್ಲ.

“ಅದೆಲ್ಲಾ ಸುಳ್ಳು ಪಾರವ್ವಾ,” ಅಂದೆ. “ಸ್ಪರ್ಶ ಇಲ್ಲ, ಮೋಕ್ಷ ಇಲ್ಲ. ಅದು ಒಂದು ಕಲ್ಲು. ಭಾಳ ದೂರ ಇತ್ತು. ಅದರಿಂದ ಯಾರಿಗೂ ಏನೂ ಆಗತಿದ್ದಿಲ್ಲ. ಆರು ನಲವತ್ತು ಅನ್ನೋದು ನಾನ ಕೂತು ಬರದದ್ದು. ಜನ ನೋಡಲಿ ಅಂತ ಬರದದ್ದು. ಸಪ್ನಾಂದು ಏನೂ ತಪ್ಪಿಲ್ಲ. ಪಿನ್ನಿಗೂ ಕೂಸಿಗೂ ಸಂಬಂಧ ಇಲ್ಲ.”

ಪಕ್ಕದ ಮನೆಯಲ್ಲಿ ಯಾರೋ ಕುಕ್ಕರ್ ಇಟ್ಟಿದ್ದರು, ಅದು ಎರಡು ಸಲ ಕೂಗಿತು.

ಸಪ್ನಾ ತಲೆ ಎತ್ತಿದಳು. ಅವಳ ದನಿ ನಾನು ಮೊದಲ ಸಲ ಕೇಳಿದ್ದು.

“ಅಂದ್ರ ಮಧ್ಯಾಹ್ನ ಹೋಗಬಹುದಿತ್ತೇನ್ರಿ?”

ಅವಳ ಮೇಲಿನ ಅಪವಾದ ಇಳಿಸಲು ಬಾಯಿ ತೆಗೆದಿದ್ದೆ. ಅದು ಇಳಿದು ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿರಲಿಲ್ಲ. ಈಗ ಹಿಂದೆ ಸರಿಯುವ ಹಾಗಿರಲಿಲ್ಲ.

“ಹೋಗಬಹುದಿತ್ತು,” ಅಂದೆ.

ಸಪ್ನಾ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು. ಅಳಲಿಲ್ಲ, ಬರೀ ನೋಡಿದಳು. ಶಿವಪ್ರಕಾಶನೂ ನೋಡಿದ. ಪಾರವ್ವ ಒಮ್ಮೆ ಒಳಕೋಣೆಯ ಬಾಗಿಲನ್ನು ನೋಡಿ, ತಟ್ಟನೆ ಮುಂದೆ ಬಗ್ಗಿ ನನ್ನ ಎರಡೂ ಮುಂಗೈ ಹಿಡಿದುಕೊಂಡಳು. ಸೋಪಿನ ನೀರಿನಲ್ಲಿ ಬಿರುಕು ಬಿಟ್ಟ ಅಂಗೈ, ಹಿಡಿತ ಬಹಳ ಬಿಗಿಯಾಗಿತ್ತು.

“ಪಿನ್ನಿಂದಾನ ಆತು ಅನ್ರಿ ಅಕ್ಕಾರ,” ಅಂದಳು. ಮಗನಿಗೆ ಕೇಳಬಾರದೆಂದು ಪಿಸುಗುಟ್ಟುತ್ತಿದ್ದಳು, ಆ ಕೋಣೆಯಲ್ಲಿ ಎಲ್ಲ ಎಲ್ಲರಿಗೂ ಕೇಳುತ್ತಿತ್ತು. “ನಿಮ್ಮ ಕಾಲು ಹಿಡೀತೀನಿ. ಪಿನ್ನಿಂದ ಅಂತ ಒಂದ ಮಾತು ಹೇಳಿ ಹೋಗ್ರಿ. ಇಕಿನ್ನ ನಾ ಹೊರಗ ಹಾಕಂಗಿಲ್ಲ, ನನ್ನ ಮಗಳಂಗ ನೋಡ್ಕೋತೀನಿ, ಆಣಿ ಮಾಡಿ ಹೇಳ್ತೀನಿ. ಆದ್ರ ಬಾಗಲಾ ಹಿಡಕೊಂಡು ಕೂತಾಕಿ ನಾನ್ರಿ. ಐದೂವರಿ ತಾಸು ಕೂತಿದ್ದೆ.”

ಹನ್ನೊಂದು ವರ್ಷದಲ್ಲಿ ಲಕ್ಷಗಟ್ಟಲೆ ಜನಕ್ಕೆ ಸುಳ್ಳು ಹೇಳಿದ್ದ ಬಾಯಿ ಇದು. ಇನ್ನೊಂದು ಹೇಳಿದ್ದರೆ ಏನು ಹೋಗುತ್ತಿತ್ತು? ಆ ಮುದುಕಿಗೆ ಬದುಕಲು ಅದೊಂದು ಬೇಕಾಗಿತ್ತು. ಹೇಳಿಬಿಡಬೇಕು ಅಂತ ನಿಜವಾಗಿಯೂ ಅನ್ನಿಸಿತು. ಆದರೆ ಸಪ್ನಾ ಬಳೆಗಳ ಮೇಲಿನ ಕೈ ತೆಗೆದಿದ್ದಳು.

“ಪಿನ್ನಿಂದ ಅಲ್ಲ ಪಾರವ್ವಾ,” ಅಂದೆ.

ಅವಳು ನನ್ನ ಕೈ ಬಿಟ್ಟಳು. ಶಿವಪ್ರಕಾಶ ಒಳಗೆ ಬಂದು, ತಾಯಿಯ ಪಕ್ಕದಿಂದ ಸುತ್ತಿ ಹೋಗಿ ಹೆಂಡತಿಯ ಪಕ್ಕದಲ್ಲಿ ಕುಕ್ಕರಿಸಿದ. ಪಾರವ್ವ ಅವರ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ, ಆಫೀಸಿನಲ್ಲಿ ಚಹಾಕ್ಕೆ ಸಕ್ಕರೆ ಸಾಕೇ ಅಂತ ಕೇಳುವಾಗಿನ ದನಿಯೇ ಇತ್ತು.

“ಆವತ್ತ ಫೋನಿನಾಗೂ ಇಷ್ಟ ಸ್ಪಷ್ಟ ಹೇಳಬೇಕಿತ್ರಿ ಅಕ್ಕಾರ,” ಅಂದಳು.